ಗಂಡು ನಾಯಿಯ ಮೈಯಲ್ಲಿ ಹೆಣ್ಣು ಹಾರ್ಮೋನು ಎಲ್ಲಿಂದ ಬಂತು?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ತೋಟ ಕಾಯೋಕೆ ಭೀಮ ಅಂತ ಒಂದು ನಾಯಿ ಇದೆ, ಎಂಟು ವರ್ಷ. ಮರಿಯಿಂದಲೂ ಅದಕ್ಕೆ ಒಂದೇ ಬೀಜ ಕಾಣುತ್ತೆ, ಇನ್ನೊಂದು ಕೆಳಗೆ ಇಳಿದೇ ಇಲ್ಲ. ಈಗ ಮೂರ್ನಾಲ್ಕು ತಿಂಗಳಿಂದ ಎರಡೂ ಪಕ್ಕೆಯ ಕೂದಲು ಉದುರಿದೆ, ಮೊಲೆತೊಟ್ಟು ದಪ್ಪ ಆಗಿದೆ, ಊರಿನ ಗಂಡು ನಾಯಿಗಳು ಇದರ ಹಿಂದೆ ಬರ್ತಾವೆ. ತೋರಿಸಿದಾಗ ಈಸ್ಟ್ರೋಜನ್ ಜಾಸ್ತಿ ಆಗಿದೆ, ಅದರಿಂದ ಟೆಸ್ಟೋಸ್ಟಿರಾನ್ ಬಿದ್ದುಹೋಗಿದೆ ಅಂದರು. ಗಂಡಿಗೆ ಹೆಣ್ಣು ಹಾರ್ಮೋನು ಎಲ್ಲಿಂದ ಬರುತ್ತೆ? ಬಂದರೂ ಗಂಡು ಹಾರ್ಮೋನು ಯಾಕೆ ಕಮ್ಮಿ ಆಗಬೇಕು? ಇನ್ನೊಂದು, ನಮ್ಮ ಮಲೆನಾಡು ಗಿಡ್ಡ ಹೋರಿ ಈ ಮಳೆಗಾಲದಿಂದ ಹಸು ಹತ್ತುತ್ತಿಲ್ಲ. ಸೋಯಾ ಹಿಂಡಿ ಹಾಕಿದ್ದಕ್ಕೇ ಹೀಗಾಯ್ತು ಅಂತ ಪಕ್ಕದ ಮನೆಯವರು ಹೇಳ್ತಾರೆ. ನಿಜವಾ?

ಉತ್ತರ: ಹಾರ್ಮೋನಿನ ಕಥೆ ಆಮೇಲೆ. ಮೊದಲು ಭೀಮನ ತುಟಿ ಎತ್ತಿ ಒಸಡು ನೋಡಿ. ತಿಳಿ ಗುಲಾಬಿ ಬಣ್ಣ ಇದ್ದರೆ ಸ್ವಲ್ಪ ಸಮಯ ಇದೆ. ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದರೆ, ಹೊಟ್ಟೆಯ ಚರ್ಮದ ಮೇಲೆ ಕೆಂಪು ಅಥವಾ ನೇರಳೆ ಚುಕ್ಕೆ ಕಂಡರೆ, ಮೂಗಿನಲ್ಲಿ ರಕ್ತ ಬಂದಿದ್ದರೆ, ಇದನ್ನು ಪೂರ್ತಿ ಓದೋಕೆ ಕೂರಬೇಡಿ, ನಾಯಿಯನ್ನು ಜೀಪಿಗೆ ಹತ್ತಿಸಿ ಹೊರಡಿ. ಯಾಕೆ ಅಂತ ಮುಂದೆ ಬರುತ್ತದೆ.

ಈಗ ನಿಮ್ಮ ಮೊದಲ ಪ್ರಶ್ನೆ. ಈಸ್ಟ್ರೋಜನ್‌ಗೆ 'ಹೆಣ್ಣು ಹಾರ್ಮೋನು' ಅಂತ ಹೆಸರಿಟ್ಟಿದ್ದೇ ಅರ್ಧ ಗೊಂದಲಕ್ಕೆ ಕಾರಣ. 1934ರಲ್ಲಿ ಬರ್ನ್‌ಹಾರ್ಡ್ ಝೊಂಡೆಕ್ ಅನ್ನೋ ವಿಜ್ಞಾನಿ ಗಂಡು ಕುದುರೆಯ ಉಚ್ಚೆ ಪರೀಕ್ಷೆ ಮಾಡಿ ನೋಡಿದರೆ ಅದರಲ್ಲಿ ರಾಶಿ ರಾಶಿ ಈಸ್ಟ್ರೋಜನ್! ಬೀಜ ತೆಗೆದ ಕುದುರೆಯಲ್ಲಿ ಅಷ್ಟಿಲ್ಲ. ಅಂದರೆ ಅದು ಬರ್ತಾ ಇದ್ದದ್ದು ಬೀಜದಿಂದಲೇ. ಗಂಡು ಹಂದಿಯದ್ದೂ ಇದೇ ಕಥೆ. ಹೆಣ್ಣು ಕುದುರೆಯ ಹಿಂದೆ ಸುತ್ತುವ, ಕಾಲು ಕೆದರುವ, ಹೂಂಕರಿಸುವ ಗಂಡು ಕುದುರೆಯ ಮೈಯಲ್ಲಿ ಅಷ್ಟು 'ಹೆಣ್ಣು ಹಾರ್ಮೋನು' ಓಡಾಡುತ್ತಾ ಇದೆ ಅಂದರೆ ಹೆಸರು ತಪ್ಪಿದೆ ಅಂತಲೇ ಅಲ್ವಾ? ಬೀಜ ಹೊಟ್ಟೆಯೊಳಗೇ ಉಳಿದ ಕುದುರೆಯನ್ನು ಪತ್ತೆ ಮಾಡೋಕೆ ಈಗಲೂ ರಕ್ತದಲ್ಲಿ ಈಸ್ಟ್ರೋಜನ್ ಸಂಬಂಧದ ಒಂದು ಪರೀಕ್ಷೆ ಮಾಡುತ್ತಾರೆ.

ಇದು ಹೇಗೆ ಆಗುತ್ತದೆ ಅಂದರೆ, ಟೆಸ್ಟೋಸ್ಟಿರಾನ್ ಹಾಲು ಅಂದುಕೊಳ್ಳಿ. ಆರೊಮಟೇಸ್ ಅನ್ನೋ ಒಂದು ಕಿಣ್ವ ಇದೆ, ಅದು ಹೆಪ್ಪು. ಹೆಪ್ಪು ಬಿದ್ದ ಕಡೆ ಹಾಲು ಮೊಸರಾಗುತ್ತದೆ, ಅಂದರೆ ಟೆಸ್ಟೋಸ್ಟಿರಾನ್ ಈಸ್ಟ್ರಾಡಯೋಲ್ ಆಗುತ್ತದೆ. ಈಸ್ಟ್ರಾಡಯೋಲ್ ಅಂದರೆ ಈಸ್ಟ್ರೋಜನ್ ಗುಂಪಿನಲ್ಲಿ ಎಲ್ಲಕ್ಕಿಂತ ಜೋರಿನದು. ಬೀಜದಲ್ಲಿ ಈ ಹೆಪ್ಪಿದೆ, ಮಿದುಳಿನಲ್ಲಿದೆ, ಕೊಬ್ಬಿನಲ್ಲೂ ಇದೆ. ಮೊಸರು ವಾಪಸ್ ಹಾಲಾಗುವುದಿಲ್ಲ, ಇಲ್ಲೂ ಹಾಗೇ. ಗಂಡಿಗೆ ಈಸ್ಟ್ರೋಜನ್ ಹೊರಗಿನಿಂದ ಬಂದು ಸೇರುವ ನೆಂಟ ಅಲ್ಲ. ಮನೆಯ ಹಾಲಿನದೇ ಮೊಸರು.

ಇನ್ನು ಎರಡನೇ ಪ್ರಶ್ನೆ, ಈಸ್ಟ್ರೋಜನ್ ಜಾಸ್ತಿ ಆದರೆ ಟೆಸ್ಟೋಸ್ಟಿರಾನ್ ಯಾಕೆ ಬೀಳುತ್ತದೆ. ನಿಮ್ಮ ಕಡೆ ಅಬ್ಬಿ ನೀರು ಪೈಪಿನಲ್ಲಿ ಬಂದು ಟ್ಯಾಂಕಿಗೆ ಬೀಳುತ್ತದಲ್ಲ, ಟ್ಯಾಂಕ್ ತುಂಬಿದ ಕೂಡಲೇ ತೇಲುವ ಚೆಂಡು ಮೇಲೆದ್ದು ವಾಲ್ವ್ ಮುಚ್ಚುತ್ತದೆ. ಗಂಡು ಪ್ರಾಣಿಯ ಮೈಯಲ್ಲೂ ಅಂಥದ್ದೇ ಒಂದು ಏರ್ಪಾಡು. ಮಿದುಳಿನ ಬುಡದಲ್ಲಿ ಹೈಪೊಥಲಾಮಸ್ ಅನ್ನೋ ಜಾಗ ಆಗಾಗ ಒಂದೊಂದು ಗುಟುಕು ಜಿಎನ್‌ಆರ್‌ಎಚ್ ಅನ್ನೋ ಹಾರ್ಮೋನು ಬಿಡುತ್ತದೆ. ಅದು ಪಕ್ಕದ ಪಿಟ್ಯೂಟರಿ ಗ್ರಂಥಿಗೆ ಹೋದರೆ ಆ ಗ್ರಂಥಿ ಎಲ್‌ಎಚ್ ಅನ್ನೋ ಇನ್ನೊಂದು ಹಾರ್ಮೋನು ಬಿಡುತ್ತದೆ. ಎಲ್‌ಎಚ್ ರಕ್ತದಲ್ಲಿ ಇಳಿದು ಬೀಜದೊಳಗಿನ ಲೇಡಿಗ್ ಕೋಶಗಳನ್ನು ತಟ್ಟಿದರೆ ಅವು ಟೆಸ್ಟೋಸ್ಟಿರಾನ್ ಮಾಡುತ್ತವೆ. ಜಿಎನ್‌ಆರ್‌ಎಚ್ ಹೇಗೆ ಕಟ್ಟಿದೆ ಅಂತ 1971ರ ಹೊತ್ತಿಗೆ ಬಿಡಿಸಿದ್ದಕ್ಕೆ ಆಂಡ್ರ್ಯೂ ಶಾಲಿ ಮತ್ತು ರೋಜರ್ ಗಿಲ್ಮಾ ಇಬ್ಬರಿಗೂ 1977ರಲ್ಲಿ ನೊಬೆಲ್ ಬಂತು. ಒಂದು ಕಾಳಿನಷ್ಟು ಸಿಗೋಕೆ ಲಕ್ಷಗಟ್ಟಲೆ ಕುರಿ, ಹಂದಿಗಳ ಮಿದುಳು ಅರೆದಿದ್ದರು, ಅದು ಬೇರೆ ಕಥೆ.

ಚೆಂಡು ಎಲ್ಲಿದೆ ಅಂತ ಕೇಳಿ. ಮಿದುಳು ಮತ್ತು ಪಿಟ್ಯೂಟರಿಯಲ್ಲಿ. ಟೆಸ್ಟೋಸ್ಟಿರಾನ್ ಸಾಕಷ್ಟಿದೆಯಾ ಅಂತ ಅವು ನೋಡುತ್ತಲೇ ಇರುತ್ತವೆ. ಆದರೆ ಹಾಲನ್ನು ನೋಡಿ ಮಾತ್ರ ಅಳೆಯುವುದಿಲ್ಲ, ಹಾಲಿನಿಂದ ಆದ ಮೊಸರನ್ನೂ ನೋಡಿ ಅಳೆಯುತ್ತವೆ. ಮಜಾ ಇರೋದು ಇಲ್ಲೇ. ರಕ್ತದಲ್ಲಿ ಈಸ್ಟ್ರಾಡಯೋಲ್ ಟೆಸ್ಟೋಸ್ಟಿರಾನ್‌ಗಿಂತ ಎಷ್ಟೋ ಪಟ್ಟು ಕಮ್ಮಿ ಇದ್ದರೂ, ಚೆಂಡನ್ನು ಮೇಲೆತ್ತುವ ಶಕ್ತಿ ಅದಕ್ಕೆ ಭಾರಿ. ಹೇಗೆ ಗೊತ್ತು ಅಂದರೆ, ಗಂಡಸರಿಗೆ ಆ ಹೆಪ್ಪು ಕೆಲಸ ಮಾಡದ ಹಾಗೆ ತಡೆಯುವ ಮಾತ್ರೆ ಕೊಟ್ಟು ನೋಡಿದ್ದಾರೆ. ಈಸ್ಟ್ರೋಜನ್ ಇಳಿಯಿತು, ಎಲ್‌ಎಚ್ ಏರಿತು, ಹಿಂದೆಯೇ ಟೆಸ್ಟೋಸ್ಟಿರಾನ್ ಏರಿತು. ಕೋಶದಲ್ಲಿ ಈಸ್ಟ್ರೋಜನ್ ಹಿಡಿದುಕೊಳ್ಳುವ ಮುಖ್ಯ ಗ್ರಾಹಕವೇ (ರಿಸೆಪ್ಟರ್) ಇಲ್ಲದ ಇಲಿಗಳನ್ನು 1993ರಲ್ಲಿ ಮಾಡಿದರು, ಅವುಗಳ ಗಂಡುಗಳಲ್ಲೂ ಟೆಸ್ಟೋಸ್ಟಿರಾನ್ ಮಾಮೂಲಿಗಿಂತ ಜಾಸ್ತಿ. ಚೆಂಡೇ ಇಲ್ಲದ ಟ್ಯಾಂಕ್, ನೀರು ತುಂಬಿ ಹರಿಯುತ್ತಲೇ ಇತ್ತು.

ಈಗ ಭೀಮನ ಟ್ಯಾಂಕಿಗೆ ಬನ್ನಿ. ಯಾರೋ ಬಂದು ಅದಕ್ಕೆ ಬಿಂದಿಗೆಗಟ್ಟಲೆ ಮಜ್ಜಿಗೆ, ಅಂದರೆ ಈಸ್ಟ್ರೋಜನ್, ಸುರಿಯುತ್ತಿದ್ದಾರೆ. ಚೆಂಡಿಗೆ ಅದು ನೀರೋ ಮಜ್ಜಿಗೆಯೋ ಗೊತ್ತಾಗುವುದಿಲ್ಲ, ಅದು ಮೇಲೇಳುತ್ತದೆ, ವಾಲ್ವ್ ಮುಚ್ಚುತ್ತದೆ. ಅಬ್ಬಿಯ ನೀರು ನಿಂತೇ ಹೋಗುತ್ತದೆ. ಎಲ್‌ಎಚ್ ಇಲ್ಲದೆ ಲೇಡಿಗ್ ಕೋಶ ಸುಮ್ನೆ ಕೂರುತ್ತವೆ, ಟೆಸ್ಟೋಸ್ಟಿರಾನ್ ಬೀಳುತ್ತದೆ.

ಇಷ್ಟೇ ಅಲ್ಲ, ಕೆಳಗೆ ಇನ್ನೊಂದು ವಾಲ್ವ್ ಇದೆ. ಲೇಡಿಗ್ ಕೋಶದೊಳಗೆ ಕೊಲೆಸ್ಟರಾಲ್‌ನಿಂದ ಶುರುವಾಗಿ ಹಂತ ಹಂತವಾಗಿ ಟೆಸ್ಟೋಸ್ಟಿರಾನ್ ತಯಾರಾಗುತ್ತದೆ. ಆ ಸಾಲಿನಲ್ಲಿ ಕೆಲಸ ಮಾಡುವ ಒಂದು ಕಿಣ್ವ ಇದೆ, ಈಸ್ಟ್ರೋಜನ್ ಅದನ್ನೇ ಕುಗ್ಗಿಸುತ್ತದೆ ಅಂತ ಇಲಿಗಳಲ್ಲಿ ಚೆನ್ನಾಗಿ ಕಂಡಿದೆ. ಹಾಗಾಗಿ ಎಲ್‌ಎಚ್ ಬಂದು ಬಾಗಿಲು ತಟ್ಟಿದರೂ ಒಳಗಿನ ಕೆಲಸ ನಿಧಾನ. ಆದರೂ ಭೀಮನಂಥ ಪ್ರಕರಣದಲ್ಲಿ ದೊಡ್ಡ ಹೊಡೆತ ಮೇಲಿನ ವಾಲ್ವಿನದೇ ಅನ್ನೋದು ನನ್ನ ಅಭಿಪ್ರಾಯ.

ಹಾಗಾದರೆ ಮಜ್ಜಿಗೆ ಸುರಿಯುತ್ತಿರುವವರು ಯಾರು? ಕೆಳಗೆ ಇಳಿಯದ ಆ ಬೀಜ. ಬೀಜ ಮೈಗಿಂತ ತಂಪಾದ ಚೀಲದಲ್ಲಿ ಇರಬೇಕು. ಹೊಟ್ಟೆಯೊಳಗಿನ ಬಿಸಿಯಲ್ಲಿ ವರ್ಷಗಟ್ಟಲೆ ಬೆಂದರೆ ವೀರ್ಯಾಣು ಮಾಡುವ ಕೋಶಗಳು ಸತ್ತುಹೋಗುತ್ತವೆ, ಅವನ್ನು ಸಾಕುವ ಸರ್ಟೋಲಿ ಕೋಶಗಳು ಉಳಿಯುತ್ತವೆ. ಎನ್ರಿಕೊ ಸರ್ಟೋಲಿ ಅನ್ನೋ ಇಟಲಿಯವರು 1865ರಲ್ಲಿ ಅವನ್ನು ಮೊದಲು ವಿವರಿಸಿದ್ದು. ಎಷ್ಟೋ ನಾಯಿಗಳಲ್ಲಿ ವಯಸ್ಸಾದ ಮೇಲೆ ಅದೇ ಕೋಶಗಳಿಂದ ಗೆಡ್ಡೆ ಬೆಳೆಯುತ್ತದೆ. ಇಳಿಯದ ಬೀಜದಲ್ಲಿ ಗೆಡ್ಡೆ ಆಗುವ ಸಂಭವ ಇಳಿದ ಬೀಜಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ. ಇಂಥ ಎಲ್ಲಾ ಗೆಡ್ಡೆಗಳೂ ಈಸ್ಟ್ರೋಜನ್ ಬಿಡುವುದಿಲ್ಲ. ಬಿಡುವಂಥದ್ದು ಬಂದರೆ ಮಾತ್ರ ನೀವು ಬರೆದದ್ದೆಲ್ಲ ಸಾಲಾಗಿ ಕಾಣುತ್ತದೆ: ಎರಡೂ ಪಕ್ಕೆಯಲ್ಲಿ ಒಂದೇ ಥರ ಕೂದಲು ಉದುರುವುದು (ತುರಿಕೆ ಇಲ್ಲದೆ, ಅದನ್ನು ಗಮನಿಸಿ, ಕಜ್ಜಿ ಅಂತ ಬೇವಿನೆಣ್ಣೆ ಹಚ್ಚಿ ತಿಂಗಳು ಕಳೆಯುವವರೇ ಜಾಸ್ತಿ), ಮೊಲೆತೊಟ್ಟು ಊದುವುದು, ಗಂಡು ನಾಯಿಗಳು ಬೆನ್ನು ಹತ್ತುವುದು. ಕೆಳಗಿರುವ ಇನ್ನೊಂದು ಬೀಜವನ್ನು ಮುಟ್ಟಿ ನೋಡಿ. ಸಣ್ಣಗೆ, ಮೆತ್ತಗೆ ಆಗಿದ್ದರೆ ಅದೇ ವಾಲ್ವ್ ಮುಚ್ಚಿದ್ದಕ್ಕೆ ಸಾಕ್ಷಿ. ವೀರ್ಯಾಣು ಹುಟ್ಟಬೇಕಾದರೆ ಬೀಜದೊಳಗೆ ಟೆಸ್ಟೋಸ್ಟಿರಾನ್ ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಇರಬೇಕು, ಅದು ಇಲ್ಲದಿದ್ದರೆ ಒಳ್ಳೆಯ ಬೀಜವೂ ಬತ್ತುತ್ತದೆ.

ರಕ್ತದಲ್ಲಿ ಈಸ್ಟ್ರೋಜನ್ ಅಳೆಸಿದಾಗ ಮಾಮೂಲಿ ಅಂತ ಬಂದರೆ ಗಾಬರಿಯಾಗಬೇಡಿ, ಖುಷಿಯೂ ಪಡಬೇಡಿ. ಈಸ್ಟ್ರೋಜನ್ ಎಷ್ಟಿದೆ ಅನ್ನೋದಕ್ಕಿಂತ ಟೆಸ್ಟೋಸ್ಟಿರಾನ್‌ಗೆ ಹೋಲಿಸಿದರೆ ಎಷ್ಟಿದೆ ಅನ್ನೋದೇ ಎಷ್ಟೋ ಸಲ ಮುಖ್ಯ. ಇದಕ್ಕಿಂತ ಅಗ್ಗದ ಪರೀಕ್ಷೆ ಒಂದಿದೆ, ನನಗೆ ಅದೇ ಇಷ್ಟ. ನಾಯಿಯ ಶಿಶ್ನದ ಹೊದಿಕೆಯ ಒಳಗೆ ಒದ್ದೆ ಹತ್ತಿಯ ಕಡ್ಡಿ ಆಡಿಸಿ, ಗಾಜಿನ ಮೇಲೆ ಉರುಳಿಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಮಾಮೂಲಿ ಗಂಡಿನಲ್ಲಿ ದುಂಡಗಿನ ಕೋಶಗಳು ಕಾಣುತ್ತವೆ. ಈಸ್ಟ್ರೋಜನ್ ಜಾಸ್ತಿ ಆಗಿದ್ದರೆ ಅಗಲವಾದ, ಅಂಚು ಮಡಚಿದ, ಒಣಗಿದ ಎಲೆಯಂಥ ಕೋಶಗಳು ತುಂಬಿರುತ್ತವೆ, ಥೇಟ್ ಬೆದೆಗೆ ಬಂದ ಹೆಣ್ಣು ನಾಯಿಯ ಸ್ಮಿಯರ್ ಹಾಗೆ. ಜೊತೆಗೆ ಹೊಟ್ಟೆ ಸ್ಕ್ಯಾನ್ ಆಗಲೇಬೇಕು, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಕರೆದುಕೊಂಡು ಹೋಗಿ. ಅಂದ ಹಾಗೆ, ಮನೆಯಲ್ಲಿ ಯಾರಾದರೂ ಮುಟ್ಟು ನಿಂತ ಮೇಲಿನ ತೊಂದರೆಗೆ ಈಸ್ಟ್ರೋಜನ್ ಮುಲಾಮು ಕೈಗೆ ಹಚ್ಚಿಕೊಳ್ಳುತ್ತಾರಾ ಅಂತ ಕೇಳಬೇಕು. ಅದನ್ನು ನೆಕ್ಕಿ ಇದೇ ಥರ ಆದ ನಾಯಿಗಳಿವೆ. ನಿಮ್ಮ ಭೀಮನದು ಅದಲ್ಲ ಅನಿಸುತ್ತದೆ, ಆದರೂ ಕೇಳಿಬಿಡುವುದು ಒಳ್ಳೆಯದು.

ಒಸಡು ನೋಡಿ ಅಂದೆನಲ್ಲ, ಅದಕ್ಕೆ ಕಾರಣ ಇದು. ನಾಯಿಯ ಮೂಳೆಯೊಳಗಿನ ಮಜ್ಜೆಗೆ ಈಸ್ಟ್ರೋಜನ್ ಅಂದರೆ ವಿಷ. ಬಹಳ ದಿನ ಜಾಸ್ತಿ ಇದ್ದರೆ ರಕ್ತ ಹುಟ್ಟುವುದೇ ನಿಲ್ಲುತ್ತದೆ. ಪ್ಲೇಟ್‌ಲೆಟ್ ಬೀಳುತ್ತದೆ, ಬಿಳಿ ರಕ್ತಕಣ ಬೀಳುತ್ತದೆ, ಕೆಂಪು ಕಣವೂ ಬೀಳುತ್ತದೆ. ಕೂದಲು ಉದುರಿದ್ದಕ್ಕೆ ಯಾವ ನಾಯಿಯೂ ಸಾಯುವುದಿಲ್ಲ, ಇದಕ್ಕೆ ಸಾಯುತ್ತದೆ. ಆದ್ದರಿಂದ ಆಪರೇಷನ್‌ಗೆ ಮೊದಲು ರಕ್ತಕಣದ ಎಣಿಕೆ ಮಾಡಿಸದೆ ಚಾಕು ಹಾಕಿಸಬೇಡಿ. ಆಪರೇಷನ್‌ನಲ್ಲಿ ಎರಡೂ ಬೀಜ ತೆಗೆಸಿ. ಒಂದನ್ನು ಉಳಿಸಿ ಡಾಕ್ಟ್ರೇ, ತಳಿ ಚೆನ್ನಾಗಿದೆ ಅಂತ ಕೇಳುವವರು ನನಗೆ ಎಷ್ಟೋ ಜನ ಸಿಕ್ಕಿದ್ದಾರೆ. ಬೀಜ ಇಳಿಯದಿರುವುದು ನಾಯಿಗಳಲ್ಲಿ ವಂಶದಲ್ಲಿ ಬರುವ ದೋಷ, ಅಂಥ ನಾಯಿಯಿಂದ ಮರಿ ತೆಗೆಯಲೇಬಾರದು. ಗೆಡ್ಡೆ ಬೇರೆ ಕಡೆ ಹರಡಿರದಿದ್ದರೆ, ಮಜ್ಜೆ ಕೆಟ್ಟಿರದಿದ್ದರೆ, ಒಂದರಿಂದ ಮೂರು ತಿಂಗಳಲ್ಲಿ ಮೊಲೆ ಇಳಿಯುತ್ತದೆ, ಕೂದಲು ಬರುತ್ತದೆ, ಹಿಂದೆ ಬರುತ್ತಿದ್ದ ನಾಯಿಗಳು ಬೇರೆ ದಾರಿ ನೋಡಿಕೊಳ್ಳುತ್ತವೆ.

ಈಸ್ಟ್ರೋಜನ್‌ನಿಂದ ಟೆಸ್ಟೋಸ್ಟಿರಾನ್ ಬೀಳಿಸಬಹುದು ಅನ್ನೋದು ಗೊತ್ತಾದ ಮೇಲೆ ಮನುಷ್ಯ ಸುಮ್ಮನಿರುತ್ತಾನಾ? 1938ರಲ್ಲಿ ಇಂಗ್ಲೆಂಡಿನಲ್ಲಿ ಡಾಡ್ಸ್ ಅನ್ನುವವರ ತಂಡ ಡಿಇಎಸ್ ಅನ್ನೋ ಕೃತಕ ಈಸ್ಟ್ರೋಜನ್ ಮಾಡಿತು. ಅಮೆರಿಕದ ಕೋಳಿ ಸಾಕುವವರು ಅದರ ಗುಳಿಗೆಯನ್ನು ಹುಂಜದ ಕುತ್ತಿಗೆಯ ಚರ್ಮದ ಕೆಳಗೆ ಇಟ್ಟರು. ಬೀಜ ತೆಗೆಯುವ ಆಪರೇಷನ್ನೇ ಬೇಡ. ಹುಂಜದ ಜುಟ್ಟು ಟೆಸ್ಟೋಸ್ಟಿರಾನ್‌ನ ಮೀಟರ್ ಇದ್ದ ಹಾಗೆ. 1849ರಲ್ಲೇ ಬರ್ಟ್‌ಹೋಲ್ಡ್ ಅನ್ನೋ ಜರ್ಮನ್ ವಿಜ್ಞಾನಿ ಬೀಜ ತೆಗೆದ ಹುಂಜಕ್ಕೆ ಮತ್ತೆ ಬೀಜ ಕಸಿ ಮಾಡಿ ಜುಟ್ಟು ತಿರುಗಿ ಬೆಳೆಯುವುದನ್ನು ತೋರಿಸಿದ್ದರು. ಗುಳಿಗೆ ಇಟ್ಟ ಹುಂಜದ ಜುಟ್ಟು ಬಿಳಿಚಿಕೊಂಡು ಮುದುಡಿತು, ಜಗಳ ನಿಂತಿತು, ಮೈ ಕೊಬ್ಬಿತು. ಆದರೆ ಔಷಧ ಮಾಂಸದಲ್ಲಿ ಉಳಿಯುತ್ತಿತ್ತು, 1959ರಲ್ಲಿ ಅಲ್ಲಿ ಕೋಳಿಗೆ ಅದನ್ನು ನಿಲ್ಲಿಸಿದರು. ದನಕ್ಕೆ ನಿಲ್ಲಿಸೋಕೆ 1979ರವರೆಗೆ ಕಾದರು. ಇನ್ನೊಂದು ಕಡೆ ಚಾರ್ಲ್ಸ್ ಹಗಿನ್ಸ್ ಅನ್ನೋ ಸರ್ಜನ್ ನಾಯಿಗಳ ಪ್ರಾಸ್ಟೇಟ್ ಗ್ರಂಥಿ ಅಭ್ಯಾಸ ಮಾಡುತ್ತಾ, ಟೆಸ್ಟೋಸ್ಟಿರಾನ್ ಬಿದ್ದರೆ ಗ್ರಂಥಿ ಕುಗ್ಗುತ್ತದೆ ಅಂತ ಕಂಡುಕೊಂಡು, 1941ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಆದ ಗಂಡಸರಿಗೆ ಬೀಜ ತೆಗೆದು ಅಥವಾ ಈಸ್ಟ್ರೋಜನ್ ಕೊಟ್ಟು ಫಲ ತೋರಿಸಿದರು. 1966ರಲ್ಲಿ ಅವರಿಗೆ ನೊಬೆಲ್. ಭೀಮನನ್ನು ಕಾಡುತ್ತಿರುವುದೂ ಅದೇ ವಾಲ್ವ್, ಆ ರೋಗಿಗಳಿಗೆ ಬೇಕೂಂತ ಮುಚ್ಚಿದ್ದೂ ಅದೇ ವಾಲ್ವ್.

ಇಷ್ಟು ಕೇಳಿದ ಮೇಲೆ ಈಸ್ಟ್ರೋಜನ್ ಪೂರ್ತಿ ತೆಗೆದುಬಿಟ್ಟರೆ ಗಂಡು ಇನ್ನೂ ಗಂಡಾಗುತ್ತದಾ ಅಂತ ಅನಿಸಬಹುದು. ಇಲ್ಲ. ಆ ಗ್ರಾಹಕ ಇಲ್ಲದ ಇಲಿಗಳ ಕಥೆ ಅರ್ಧ ಹೇಳಿ ಬಿಟ್ಟಿದ್ದೆ. ಟೆಸ್ಟೋಸ್ಟಿರಾನ್ ಬೇಕಾದಷ್ಟಿದ್ದರೂ ಅವು ಬಂಜೆ! 1997ರಲ್ಲಿ ಕಾರಣ ಸಿಕ್ಕಿತು. ಬೀಜದಿಂದ ವೀರ್ಯಾಣು ನೀರಿನಲ್ಲಿ ತೇಲಿಕೊಂಡು ಸಣ್ಣ ನಾಳಗಳಿಗೆ ಬರುತ್ತದೆ, ಅಲ್ಲಿ ಆ ನೀರನ್ನು ಹೀರಿಕೊಳ್ಳಬೇಕು. ಹೀರಿಸುವುದು ಈಸ್ಟ್ರೋಜನ್. ಅದು ಕೆಲಸ ಮಾಡದಿದ್ದರೆ ನೀರು ಹಿಂದಕ್ಕೆ ಒತ್ತಿ ಬೀಜ ಊದಿಕೊಂಡು ಹಾಳಾಗುತ್ತದೆ, ಮಳೆಗಾಲದಲ್ಲಿ ಬಸಿಗಾಲುವೆ ಕಟ್ಟಿಕೊಂಡ ತೋಟದಲ್ಲಿ ಅಡಿಕೆ ಬೇರು ಕೊಳೆತ ಹಾಗೆ. ಹೆಣ್ಣಿನ ಹಿಂದೆ ಹೋಗುವ ಹುರುಪೂ ಎಷ್ಟೋ ಪ್ರಾಣಿಗಳಲ್ಲಿ ಮಿದುಳಿನಲ್ಲಿ ಟೆಸ್ಟೋಸ್ಟಿರಾನ್ ಈಸ್ಟ್ರೋಜನ್ ಆದ ಮೇಲೆಯೇ ಪೂರ್ತಿ ಬರುವುದು.

ಈಗ ನಿಮ್ಮ ಹೋರಿ. ಪಕ್ಕದ ಮನೆಯವರ ಮಾತು ಪೂರ್ತಿ ಸುಳ್ಳಲ್ಲ, ಎಲ್ಲೋ ಕೇಳಿದ್ದು. ಸೋಯಾದಲ್ಲಿ ಈಸ್ಟ್ರೋಜನ್ ಹೋಲುವ ವಸ್ತುಗಳಿವೆ, ನಿಜ. 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕ್ಲೋವರ್ ಅನ್ನೋ ಮೇವಿನ ಗಿಡ ಮೇಯ್ದ ಕುರಿಗಳು ಗಬ್ಬ ನಿಲ್ಲದೆ ಹೋದವು. ಬೀಜ ಒಡೆಸಿದ ಟಗರುಗಳ ಮೊಲೆ ಊದಿ ಹಾಲು ಬಂತು, ಗ್ರಂಥಿ ದಪ್ಪವಾಗಿ ಉಚ್ಚೆ ಕಟ್ಟಿ ಕೆಲವು ಸತ್ತವು. ಆದರೆ ಬೀಜ ಇದ್ದ ಟಗರುಗಳಿಗೆ ಅಷ್ಟೇನೂ ಆಗಲಿಲ್ಲ. ಅಲ್ಲಿಯ ಕುರಿಗಳು ದಿನಾ ಹೊಟ್ಟೆ ತುಂಬ ತಿಂದಿದ್ದು ಬರೀ ಆ ಕ್ಲೋವರನ್ನೇ. ನಮ್ಮ ಬ್ಯಾಣದಲ್ಲಿ ಆ ಗಿಡ ಇಲ್ಲ, ದನಗಳಿಗೆ ಕುರಿಯಷ್ಟು ಬೇಗ ತಟ್ಟುವುದೂ ಇಲ್ಲ. ಒಣಹುಲ್ಲು, ಹಸಿ ಸೊಪ್ಪಿನ ಜೊತೆ ಒಂದೆರಡು ಬೊಗಸೆ ಸೋಯಾ ಹಿಂಡಿ ತಿಂದು ಬೆಳೆದ ಹೋರಿ ಕೈಕೊಟ್ಟಿತು ಅಂದರೆ ನಾನು ನಂಬುವುದಿಲ್ಲ.

ನನಗೆ ಭಯ ಇರುವುದು ಬೂಸ್ಟು ಹಿಡಿದ ಮೆಕ್ಕೆಜೋಳದ್ದು. ಶಿಕಾರಿಪುರ, ಸೊರಬದ ಕಡೆಯಿಂದ ತಂದ ಜೋಳ ಸರಿಯಾಗಿ ಒಣಗದಿದ್ದರೆ, ಮಲೆನಾಡಿನ ಥಂಡಿಯಲ್ಲಿ ಮೂಟೆಯೊಳಗೇ ಫ್ಯುಸೇರಿಯಂ ಅನ್ನೋ ಶಿಲೀಂಧ್ರ ಬೆಳೆಯಬಹುದು. ಅದರಲ್ಲಿ ಕೆಲವು ಜಾತಿ ಝೀರಲೆನೋನ್ ಅನ್ನೋ ವಿಷ ಬಿಡುತ್ತವೆ. ಅದು ಈಸ್ಟ್ರೋಜನ್ ಥರವೇ ಚೆಂಡನ್ನು ಎತ್ತುತ್ತದೆ. ಹಂದಿಗಳಿಗೆ ಎಲ್ಲಕ್ಕಿಂತ ಜಾಸ್ತಿ ತಟ್ಟುತ್ತದೆ, ಎಳೆಯ ಗಂಡು ಹಂದಿಗಳಲ್ಲಿ ಟೆಸ್ಟೋಸ್ಟಿರಾನೂ ಹುರುಪೂ ಎರಡೂ ಬೀಳುತ್ತದೆ. ದನಗಳು ತಡೆದುಕೊಳ್ಳುತ್ತವೆ, ಆದರೂ ಕೊಡಬಾರದು. ಹತ್ತಿಕಾಳಿನ ಹಿಂಡಿಯದು ಇನ್ನೊಂದು ದಾರಿ. ಅದರಲ್ಲಿರುವ ಗಾಸಿಪಾಲ್ ಈಸ್ಟ್ರೋಜನ್ ಅಲ್ಲ, ನೇರ ವೀರ್ಯಾಣುವಿಗೇ ಹೊಡೆಯುತ್ತದೆ, ಬೀಜದ ಹೋರಿಗೆ ಅದನ್ನು ಮಿತಿಯಲ್ಲಿಡಿ.

ಒಂದು ಘಟನೆ ನೆನಪಾಗುತ್ತದೆ. ತೀರ್ಥಹಳ್ಳಿ ಕಡೆಯ ಒಂದು ಹೋರಿ, ಇದೇ ದೂರು. ಔಷಧ ಅಂಗಡಿಯವರೊಬ್ಬರ ಮಾತು ಕೇಳಿ 'ಗಂಡಸುತನದ ಇಂಜೆಕ್ಷನ್' ಅಂತ ಟೆಸ್ಟೋಸ್ಟಿರಾನ್ ಹಾಕಿಸಿದ್ದರು, ಎರಡು ಸಲ. ಇಲ್ಲೀವರೆಗೆ ಓದಿದ ನಿಮಗೆ ಏನಾಗಿರುತ್ತದೆ ಅಂತ ಗೊತ್ತಾಯ್ತಲ್ಲ? ಹೊರಗಿನ ಟೆಸ್ಟೋಸ್ಟಿರಾನ್ ಬಂತು, ಅದರಲ್ಲಿ ಸ್ವಲ್ಪ ಈಸ್ಟ್ರೋಜನ್ ಆಯಿತು, ಚೆಂಡು ಎದ್ದಿತು, ಎಲ್‌ಎಚ್ ನಿಂತಿತು, ಬೀಜ ತನ್ನ ಕೆಲಸ ನಿಲ್ಲಿಸಿತು. ನಾನು ಹೋಗಿ ಕೊಟ್ಟಿಗೆಯಲ್ಲಿ ಹೋರಿಯ ಹಿಂದೆ ಕೂತು ಸುಮ್ನೆ ನೋಡಿದೆ. ಸಗಣಿ ಗಂಜಲದ ಕೆಸರಿನಲ್ಲಿ ನಿಂತು ನಿಂತು ಒಂದು ಹಿಂಗಾಲನ್ನು ಮತ್ತೆ ಮತ್ತೆ ಎತ್ತಿ ಇಡುತ್ತಿತ್ತು. ಗೊರಸಿನ ಸಂದಿ ತೊಳೆದರೆ ಕೊಳೆತ ವಾಸನೆ ಗಪ್ಪಂತ ಬಂತು, ಒಳಗೆ ಹಸಿ ಗಾಯ. ಎರಡು ಹಿಂಗಾಲಿನ ಮೇಲೆ ಪೂರ್ತಿ ಭಾರ ಬಿಟ್ಟು ಹಸು ಹತ್ತಬೇಕಾದ ಪ್ರಾಣಿ ಹೇಗೆ ಹತ್ತೀತು? ಕಾಲು ವಾಸಿಯಾಗಿ ಒಣನೆಲಕ್ಕೆ ಕಟ್ಟಿದ ಮೇಲೆ ಹಸು ಹತ್ತೋಕೆ ಶುರು ಮಾಡಿತು. ಇಂಜೆಕ್ಷನ್‌ನಿಂದ ಮೆತ್ತಗಾಗಿದ್ದ ಬೀಜ ಸರಿಹೋಗೋಕೆ ಇನ್ನೂ ತಿಂಗಳುಗಳು ಬೇಕಾದವು.

ನಿಮ್ಮದೂ ಮಳೆಗಾಲದಿಂದ ಶುರುವಾಗಿದ್ದು ಅಂತ ಬರೆದಿದ್ದೀರಿ. ಗೊರಸು ನೋಡಿ, ಉಣ್ಣೆ ನೋಡಿ, ಎರಡು ಹೊತ್ತು ಜ್ವರ ನೋಡಿಸಿ. ಹಾರ್ಮೋನು ಪರೀಕ್ಷೆಗೆ ಒಂದೇ ಸಲ ರಕ್ತ ಕೊಟ್ಟು ಕಮ್ಮಿ ಬಂತು ಅಂತ ತಲೆ ಕೆಡಿಸಿಕೊಳ್ಳಬೇಡಿ. ಹೋರಿಯಲ್ಲಿ ಟೆಸ್ಟೋಸ್ಟಿರಾನ್ ದಿನಕ್ಕೆ ಹಲವು ಸಲ ಅಲೆಯಂತೆ ಏರಿ ಇಳಿಯುತ್ತದೆ, ನೀವು ರಕ್ತ ತೆಗೆದ ಗಳಿಗೆ ಇಳಿದಿರಬಹುದು. ಜೋಳದ ಮೂಟೆ ಇದ್ದರೆ ತಳದಿಂದ ಒಂದು ಮುಷ್ಟಿ ತೆಗೆದು ಮೂಸಿ. ಮುಗ್ಗಲು ವಾಸನೆ ಬಂದರೆ, ಕಾಳು ಒಂದಕ್ಕೊಂದು ಅಂಟಿದ್ದರೆ ಯಾವ ಪ್ರಾಣಿಗೂ ಹಾಕಬೇಡಿ, ಕೋಳಿಗೂ ಬೇಡ. ಹೋರಿ ಒಂದು ವಾರ ಕಾಯುತ್ತದೆ. ಭೀಮನ ರಕ್ತ ಮತ್ತು ಸ್ಕ್ಯಾನ್ ನಾಳೆಯೇ ಆಗಲಿ, ಎಣಿಕೆಯಲ್ಲಿ ಪ್ಲೇಟ್‌ಲೆಟ್ ಎಷ್ಟು ಬಂತು ಅಂತ ಬರೆಯಿರಿ.